ಎಷ್ಟೊತ್ತಿಗೆ ಮುಟ್ತೀರಿ? ಡಲ್ಲಾಸ್‌ನಿಂದ ಬೀದರ್‌ಗೆ ನಿಜವಾದ ಲೆಕ್ಕ

(ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಮಾತಿನ ಬರಹ ರೂಪ. ಮಾತಾಡಿದ್ದನ್ನು ಹೆಚ್ಚುಕಡಿಮೆ ಹಾಗೆಯೇ ಇಟ್ಟಿದ್ದೇವೆ.)

ಹೈದರಾಬಾದಿನಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ತುಂಬ ಸರಳ ಅನ್ನಿಸಬಹುದು. ಎರಡು ಏರ್‌ಪೋರ್ಟ್‌ಗಳ ನಡುವೆ ಎಷ್ಟು ದೂರ, ಹೋಗೋಕೆ ಎಷ್ಟು ಹೊತ್ತು? ಫೋನ್ ತೆಗೆದು ಒಂದು ಸಾಲು ಟೈಪ್ ಮಾಡಿದರೆ ಉತ್ತರ ಬಂದುಬಿಡುತ್ತೆ. ಆದರೆ ಹಾಗೆ ಬಂದ ಉತ್ತರವನ್ನ ನಂಬಿ ಊರಿನವರಿಗೆ ಟೈಮ್ ಹೇಳಿದರೆ ಏನಾಗುತ್ತೆ ಅನ್ನೋದು ಬೇರೆ ಮಾತು. ಅದರ ಬಗ್ಗೆ ಇವತ್ತು ಸ್ವಲ್ಪ ಲೆಕ್ಕ ಹಾಕೋಣ. ಕೇಳ್ತಾ ಇರೋರು ಬಹುಪಾಲು ಐಟಿಯವರು, ಲೆಕ್ಕಕ್ಕೆ ಹೆದರೋರಲ್ಲ.

ಮೊದಲು ನಮ್ಮ ಕಾಲ ಬುಡದಲ್ಲಿರೋ ಉದಾಹರಣೆ ತಗೊಳ್ಳೋಣ. ಶಂಶಾಬಾದ್ ಏರ್‌ಪೋರ್ಟ್‌ನಿಂದ ದೇವನಹಳ್ಳಿಗೆ ಆಕಾಶದಲ್ಲಿ ಸುಮಾರು 455 ಕಿಲೋಮೀಟರ್. ಫ್ಲೈಟ್ ಒಂದೂಕಾಲು ಗಂಟೆ. ಗಚ್ಚಿಬೌಲಿಯಿಂದ ಜಯನಗರಕ್ಕೆ ಅಣ್ಣನ ಮನೆಗೆ ಹೋಗೋರು ಎಷ್ಟು ಹೊತ್ತು ತಗೊಳ್ತಾರೆ? ಇಲ್ಲಿ ಮನೆಯಿಂದ ಏರ್‌ಪೋರ್ಟ್‌ಗೆ ಒಂದು ಗಂಟೆ, ಅಲ್ಲಿ ಕಾಯೋದು ಒಂದೂವರೆಯಿಂದ ಎರಡು ಗಂಟೆ, ಹಾರೋದು ಒಂದೂಕಾಲು, ಇಳಿದು ಲಗೇಜ್ ತಗೊಂಡು ಆಚೆ ಬರೋಕೆ ಅರ್ಧ ಗಂಟೆ, ದೇವನಹಳ್ಳಿಯಿಂದ ಜಯನಗರಕ್ಕೆ ಒಂದೂವರೆಯೋ ಎರಡೋ. ಒಟ್ಟು ಆರು ಗಂಟೆ ದಾಟುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕಾಚಿಗುಡ–ಯಶವಂತಪುರ ವಂದೇ ಭಾರತ್ ಸುಮಾರು 610 ಕಿಲೋಮೀಟರ್ ದೂರವನ್ನ ಎಂಟೂವರೆ ಗಂಟೆಯಲ್ಲಿ ಮುಗಿಸುತ್ತೆ. ವೇಗದಲ್ಲಿ ವಿಮಾನ ಹತ್ತು ಪಟ್ಟು ಜಾಸ್ತಿ, ಮನೆಯಿಂದ ಮನೆಗೆ ನೋಡಿದರೆ ಉಳಿತಾಯ ಮೂರು ನಾಲ್ಕು ಗಂಟೆ. ಅಂದರೆ ಫ್ಲೈಟ್ ಟೈಮ್ ಅನ್ನೋದು ಪ್ರಯಾಣದ ಒಂದು ಭಾಗ ಮಾತ್ರ. ಇದು ನಮಗೆಲ್ಲ ಗೊತ್ತಿರೋದೇ. ಆದರೆ ಅಮೆರಿಕಾದ ವಿಷಯ ಬಂದಾಗ ಯಾಕೋ ಮರೆತುಬಿಡ್ತೀವಿ.

ಈಗ ದೊಡ್ಡ ಉದಾಹರಣೆಗೆ ಬರೋಣ. ಹೈದರಾಬಾದ್ ಮತ್ತು ಡಲ್ಲಾಸ್. ಈ ಜೋಡಿ ಯಾಕೆ ತಗೊಂಡೆ ಅಂದರೆ ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು ಕೆಲಸ ಹಿಡಿದು, ಇಲ್ಲಿಂದ ಪ್ರಾಜೆಕ್ಟ್ ಮೇಲೆ ಟೆಕ್ಸಾಸ್‌ಗೆ ಹೋದವರು ನನಗೇ ಬೇಕಾದಷ್ಟು ಜನ ಗೊತ್ತು. ಇದನ್ನ ನೋಡ್ತಾ ಇರೋರಲ್ಲೂ ಇದ್ದೀರಿ.

ಅಮೆರಿಕಾ ಯಾವ ದಿಕ್ಕಿಗಿದೆ?

ಗೋಡೆಗೆ ಹಾಕೋ ನಕಾಶೆ ನೋಡಿ ಬೆಳೆದ ನಾವು ಅಮೆರಿಕಾ ಪಶ್ಚಿಮಕ್ಕಿದೆ ಅಂತೀವಿ. ಒಂದು ಗ್ಲೋಬ್ ತಗೊಳ್ಳಿ, ಮಕ್ಕಳ ಹತ್ತಿರ ಇದ್ದೇ ಇರುತ್ತೆ. ಒಂದು ದಾರ ತಗೊಂಡು ಒಂದು ತುದಿ ಹೈದರಾಬಾದ್ ಮೇಲೆ, ಇನ್ನೊಂದು ತುದಿ ಡಲ್ಲಾಸ್ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಅರಬ್ಬಿ ಸಮುದ್ರದ ಕಡೆ ಹೋಗೋದೇ ಇಲ್ಲ. ನೆಟ್ಟಗೆ ಉತ್ತರಕ್ಕೆ ಹೋಗುತ್ತೆ.

ಹೈದರಾಬಾದ್ ಇರೋದು ಸುಮಾರು 78.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಇಲ್ಲಿಂದ ಒಂದಿಷ್ಟೂ ಎಡಬಲ ತಿರುಗದೆ ಉತ್ತರಕ್ಕೆ ಹೊರಟರೆ ಗ್ವಾಲಿಯರ್ ಪಕ್ಕದಿಂದ ಹಿಮಾಲಯ ದಾಟಿ, ಟಿಬೆಟ್, ಮಧ್ಯ ಏಷ್ಯಾ, ಸೈಬೀರಿಯಾ ಆಗಿ ಉತ್ತರ ಧ್ರುವ ಸೇರ್ತೀರಿ. ಅಲ್ಲಿಂದ ಹಾಗೇ ಮುಂದಕ್ಕೆ ಇಳಿದರೆ 101.5 ಡಿಗ್ರಿ ಪಶ್ಚಿಮ. ಕೆನಡಾ ದಾಟಿ, ಡಕೋಟಾ, ಕಾನ್ಸಾಸ್ ದಾಟಿ ಸಿಗೋದು ಟೆಕ್ಸಾಸ್ ರಾಜ್ಯದ ಲಬಕ್ ಊರಿನ ಹತ್ತಿರ. ಅಲ್ಲಿಂದ ಪೂರ್ವಕ್ಕೆ ಸುಮಾರು 450 ಕಿಲೋಮೀಟರ್ ಡಲ್ಲಾಸ್. ಅಂದರೆ ಟೆಕ್ಸಾಸ್ ನಮಗೆ ಪಶ್ಚಿಮವೂ ಅಲ್ಲ, ಪೂರ್ವವೂ ಅಲ್ಲ. ಭೂಮಿಯ ನೆತ್ತಿ ದಾಟಿದರೆ ಆ ಕಡೆ ಇಳಿಜಾರಿನಲ್ಲಿದೆ.

ಈ ದಾರದ ಅಳತೆಯನ್ನೇ ಏರ್‌ಪೋರ್ಟ್‌ನಿಂದ ಏರ್‌ಪೋರ್ಟ್‌ಗೆ ಇರೋ ದೂರ ಅಂತ ವೆಬ್‌ಸೈಟ್‌ಗಳು ತೋರಿಸೋದು. ಹ್ಯಾವರ್‌ಸೈನ್ ಸೂತ್ರ ಅಂತ ಇದೆ, ಎರಡು ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಐದು ಸಾಲು ಕೋಡ್‌ನಲ್ಲಿ ಉತ್ತರ ಬರುತ್ತೆ. ಹೈದರಾಬಾದ್–ಡಲ್ಲಾಸ್ ಸುಮಾರು 14,400 ಕಿಲೋಮೀಟರ್. ಹೈದರಾಬಾದ್–ಶಿಕಾಗೊ ಸುಮಾರು 13,300. ಹೈದರಾಬಾದ್–ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 13,500. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್, ಹಾಗಾಗಿ ಭೂಮಿ ಮೇಲೆ ಯಾವ ಎರಡು ಊರೂ 20,000ಕ್ಕಿಂತ ದೂರ ಇರೋಕೆ ಸಾಧ್ಯವಿಲ್ಲ. ಅಂದರೆ ಇರಬಹುದಾದ ದೂರದಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ನಾವು ಹೋಗಿಬಿಟ್ಟಿದ್ದೀವಿ.

ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್. 14,400ನ್ನ 900ರಿಂದ ಭಾಗಿಸಿದರೆ 16. ಏರೋದು ಇಳಿಯೋದಕ್ಕೆ ಇನ್ನರ್ಧ ಗಂಟೆ ಸೇರಿಸಿ. ಹದಿನಾರೂವರೆ ಗಂಟೆ. ಇದು ಕಾಗದದ ಮೇಲಿನ ಉತ್ತರ.

ಆ ದಾರಿಯಲ್ಲಿ ಯಾರೂ ಯಾಕೆ ಹೋಗಲ್ಲ?

ವಿಮಾನಕ್ಕೆ ಅಷ್ಟು ದೂರ ಹಾರೋ ಶಕ್ತಿ ಇಲ್ಲವೇ? ಇದೆ. ಸಿಂಗಾಪುರ–ನ್ಯೂಯಾರ್ಕ್ ಫ್ಲೈಟ್ ಸುಮಾರು 15,300 ಕಿಲೋಮೀಟರ್, ಹದಿನೆಂಟು ಗಂಟೆಗೂ ಮೀರಿ ಹಾರುತ್ತೆ. ಅಡ್ಡಿ ಇರೋದು ಬೇರೆ ಕಡೆ.

ಒಂದು, ನೆಲ. ಹಿಮಾಲಯ, ಟಿಬೆಟ್ ಪ್ರಸ್ಥಭೂಮಿಯ ಮೇಲೆ ವಿಮಾನಗಳು ಹೆಚ್ಚು ಹೋಗಲ್ಲ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕಡಿಮೆಯಾದರೆ ತಕ್ಷಣ ಕೆಳಗಿಳಿಯಬೇಕು, ಅಲ್ಲಿ ಕೆಳಗೆ ಇಳಿಯೋಕೆ ಜಾಗವೇ ಇಲ್ಲ, ಬೆಟ್ಟವೇ ಅಷ್ಟು ಎತ್ತರ. ಎರಡು, ಧ್ರುವದ ಚಳಿ. ವಿಮಾನದ ಇಂಧನ ಮೈನಸ್ ನಲವತ್ತರ ಆಸುಪಾಸಿನಲ್ಲಿ ಗಟ್ಟಿಯಾಗೋಕೆ ಶುರುವಾಗುತ್ತೆ, ಅದರ ಮೇಲೆ ಕಣ್ಣಿಟ್ಟಿರಬೇಕು. ಮೂರು, ರಾಜಕೀಯ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕಾ, ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದಾಗ ದಿಲ್ಲಿಯಿಂದ ಅಮೆರಿಕಾಗೆ ಹೋಗೋ ಕೆಲವು ನೇರ ಫ್ಲೈಟ್‌ಗಳು ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗಬೇಕಾಯಿತು. ನಕಾಶೆಯಲ್ಲಿ ದೂರ ಬದಲಾಗಿರಲಿಲ್ಲ, ಟೈಮ್ ಬದಲಾಗಿತ್ತು.

ನಾಲ್ಕನೆಯದು ಗಾಳಿ. ಇದಕ್ಕೆ ಒಂದು ಒಳ್ಳೆ ಉದಾಹರಣೆ ನಮ್ಮ ದೇಶದ್ದೇ ಇದೆ. ಏರ್ ಇಂಡಿಯಾದ ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೊ ಫ್ಲೈಟ್ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗ್ತಿತ್ತು, ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರ್‌ನಲ್ಲಿ ಅದನ್ನ ಪೆಸಿಫಿಕ್ ಕಡೆಗೆ ತಿರುಗಿಸಿದರು, ಸುಮಾರು 15,300 ಕಿಲೋಮೀಟರ್. ದೂರ 1,400 ಕಿಲೋಮೀಟರ್ ಜಾಸ್ತಿಯಾಯಿತು. ಟೈಮ್? ಸುಮಾರು ಹದಿನಾಲ್ಕೂವರೆ ಗಂಟೆ, ಹಳೆ ದಾರಿಗಿಂತ ಹತ್ತಿರ ಹತ್ತಿರ ಎರಡು ಗಂಟೆ ಕಡಿಮೆ! ವಿಮಾನಗಳು ಹಾರೋ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸೋ ಗಾಳಿ ಇದೆ, ಜೆಟ್ ಸ್ಟ್ರೀಮ್ ಅಂತಾರೆ. ಪೂರ್ವಕ್ಕೆ ಹೋದರೆ ಅದು ಬೆನ್ನಿಗಿರುತ್ತೆ, ಪಶ್ಚಿಮಕ್ಕೆ ಹೋದರೆ ಎದೆಗೆ ಹೊಡೆಯುತ್ತೆ. ಅದಕ್ಕೇ ಗಲ್ಫ್ ಮೂಲಕ ಹೋಗೋರಿಗೆ ಹೋಗೋವಾಗ ಜಾಸ್ತಿ ಹೊತ್ತು, ಊರಿಗೆ ಬರೋವಾಗ ಒಂದೂವರೆ ಗಂಟೆಯಷ್ಟು ಕಡಿಮೆ. ಬರೋವಾಗ ಗಾಳಿ ನಮ್ಮ ಕಡೆಗಿರುತ್ತೆ ಅನ್ನೋದು ಒಂದು ಸಮಾಧಾನ.

ಇನ್ನೊಂದು ಮಾತು. ದುಬೈ ಸುತ್ತಿ ಹೋಗೋದು ತುಂಬಾ ಸುತ್ತು ಅಂತ ಜನ ಅಂದುಕೊಳ್ತಾರೆ. ಹೈದರಾಬಾದ್–ದುಬೈ ಸುಮಾರು 2,550, ದುಬೈ–ಡಲ್ಲಾಸ್ ಸುಮಾರು 12,900. ಒಟ್ಟು 15,500ರ ಹತ್ತಿರ. ದಾರ ಎಳೆದ ದೂರಕ್ಕಿಂತ ಸಾವಿರ ಚಿಲ್ಲರೆ ಕಿಲೋಮೀಟರ್ ಮಾತ್ರ ಜಾಸ್ತಿ. ಲಂಡನ್ ಮೇಲೆ ಹೋದರೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಆಕಾಶದಲ್ಲಿ ಕಳೆದುಕೊಳ್ಳೋದು ಒಂದೂಕಾಲು ಗಂಟೆ. ನಿಜವಾದ ಹೊತ್ತು ಹೋಗೋದು ನೆಲದ ಮೇಲೆ.

ಆ ಚರಿತ್ರೆಯ ಫ್ಲೈಟ್ ಮತ್ತು ಬೀದರ್

2021ರ ಜನವರಿ ನಿಮಗೆ ನೆನಪಿರಬಹುದು. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ಫ್ಲೈಟ್. ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ. ಬೋಯಿಂಗ್ 777-200ಎಲ್‌ಆರ್ ವಿಮಾನ, ಉತ್ತರ ಧ್ರುವದ ಮೇಲಿನ ದಾರಿ. ಎರಡು ಊರಿನ ನಡುವೆ ಸುಮಾರು 14,000 ಕಿಲೋಮೀಟರ್, ಸುಮಾರು ಹದಿನೇಳು ಗಂಟೆ. ಜನವರಿ 9ರ ಶನಿವಾರ ರಾತ್ರಿ ಅಲ್ಲಿ ಹೊರಟು 11ರ ಸೋಮವಾರ ನಸುಕಿನಲ್ಲಿ ಕೆಂಪೇಗೌಡ ಏರ್‌ಪೋರ್ಟ್‌ನಲ್ಲಿ ಇಳಿಯಿತು. ಅದೇ ತಿಂಗಳಲ್ಲಿ ಹೈದರಾಬಾದ್–ಶಿಕಾಗೊ ನೇರ ಫ್ಲೈಟ್ ಕೂಡ ಶುರುವಾಯಿತು, ಆಮೇಲೆ ನಿಂತುಹೋಯಿತು. ನೇರ ಫ್ಲೈಟ್‌ಗಳು ಹೀಗೆ ಬರ್ತವೆ, ಹೋಗ್ತವೆ. ಟಿಕೆಟ್ ಮಾಡೋ ದಿನ ಯಾವುದಿದೆ ನೋಡಿಕೊಳ್ಳಬೇಕು.

ಕನ್ನಡಿಗರೆಲ್ಲ ಅವತ್ತು ಖುಷಿಪಟ್ಟರು, ಪಡಬೇಕಾದ್ದೇ. ಆದರೆ ಬೀದರ್‌ನವರ ಲೆಕ್ಕ ನೋಡಿ. ಹದಿನೇಳು ಗಂಟೆ ಹಾರಿ ಬೆಂಗಳೂರಲ್ಲಿ ಇಳಿದು, ಇಮಿಗ್ರೇಷನ್, ಲಗೇಜ್ ಒಂದೂವರೆ ಗಂಟೆ, ಆಮೇಲೆ ಬೀದರ್‌ಗೆ ಸುಮಾರು 700 ಕಿಲೋಮೀಟರ್, ರಸ್ತೆಯಲ್ಲಿ ಹನ್ನೆರಡು ಗಂಟೆ. ಒಟ್ಟು ಮೂವತ್ತೂವರೆ. ಅದೇ ಸ್ಯಾನ್ ಫ್ರಾನ್ಸಿಸ್ಕೊದಿಂದ ದುಬೈ ಹದಿನೈದೂವರೆ, ಅಲ್ಲಿ ಕಾಯೋದು ಮೂರೂವರೆ, ದುಬೈನಿಂದ ಹೈದರಾಬಾದ್ ಮೂರೂವರೆ, ಇಮಿಗ್ರೇಷನ್ ಒಂದೂವರೆ, ಶಂಶಾಬಾದಿನಿಂದ ಔಟರ್ ರಿಂಗ್ ರೋಡ್ ಹಿಡಿದು ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್ ಮೇಲೆ ಬೀದರ್ ಮೂರೂವರೆ. ಒಟ್ಟು ಇಪ್ಪತ್ತೇಳೂವರೆ. ಒಂದು ಕಡೆ ಇಳಿದು ಹತ್ತಿದವರು ನೇರ ಬಂದವರಿಗಿಂತ ಮೂರು ಗಂಟೆ ಮೊದಲು ಮನೆ ಮುಟ್ಟಿದರು. ಬೆಂಗಳೂರಿನಿಂದ ಹೈದರಾಬಾದಿಗೆ ಇನ್ನೊಂದು ಫ್ಲೈಟ್ ಹಿಡೀತೀನಿ ಅಂದರೆ ಎರಡೂ ಹೆಚ್ಚುಕಡಿಮೆ ಸಮ. ಆಗ ನೇರ ಫ್ಲೈಟ್‌ನ ಲಾಭ ಎಲ್ಲಿ ಉಳಿಯಿತು?

ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್ ಹೊಸ ಊರಲ್ಲ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಸಂಸ್ಥಾನ, ಆಮೇಲೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯ. ನಮ್ಮ ಅಜ್ಜಂದಿರು ಕೋರ್ಟಿಗೆ, ದವಾಖಾನೆಗೆ, ಉಸ್ಮಾನಿಯಾದಲ್ಲಿ ಓದೋಕೆ ಇದೇ ದಾರಿಯಲ್ಲಿ ಬರ್ತಿದ್ದರು. ರಾಜಧಾನಿ ಬೆಂಗಳೂರಾಯಿತು, ರಸ್ತೆ ಮಾತ್ರ ಇದೇ ಉಳಿಯಿತು. ಶಂಶಾಬಾದ್ ಏರ್‌ಪೋರ್ಟ್ 2008ರ ಮಾರ್ಚ್‌ನಲ್ಲಿ ಶುರುವಾಯಿತು, ದೇವನಹಳ್ಳಿಯದ್ದು ಅದೇ ವರ್ಷ ಮೇ ತಿಂಗಳಲ್ಲಿ. ಕಲಬುರಗಿಗೆ 2019ರ ನವೆಂಬರ್‌ನಲ್ಲಿ, ಬೀದರ್‌ಗೆ 2020ರ ಫೆಬ್ರವರಿಯಲ್ಲಿ ವಿಮಾನ ಬಂತು, ಬೀದರ್‌ನದು ನಡುವೆ ನಿಂತು ಮತ್ತೆ ಶುರುವಾಗಿದ್ದೂ ಇದೆ. ದೂರದ ದೇಶದಿಂದ ಬರೋರು ಅದನ್ನೇ ನಂಬಿಕೊಂಡು ಪ್ಲಾನ್ ಮಾಡೋದು ಕಷ್ಟ. ನಮ್ಮ ಭಾಗಕ್ಕೆ ಇಂದಿಗೂ ಹೊರದೇಶದ ಬಾಗಿಲು ಅಂದರೆ ಶಂಶಾಬಾದ್.

22 ಗಂಟೆ ಮತ್ತು 35 ಗಂಟೆ

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರ್ತೀನಿ.

ನನ್ನ ಪರಿಚಯದವರೊಬ್ಬರು, ಬೀದರ್ ಜಿಲ್ಲೆಯ ಒಂದು ಹಳ್ಳಿಯವರು, ಡಲ್ಲಾಸ್‌ನಲ್ಲಿ ಕೆಲಸ. ಒಂದು ದಿನ ಸಂಜೆ ಊರಿಂದ ಅಣ್ಣನ ಫೋನ್. ಅಪ್ಪ ಹೋಗಿಬಿಟ್ಟಿದ್ದರು. ಅಣ್ಣ ಕೇಳಿದ್ದು ಒಂದೇ ಮಾತು: "ತಮ್ಮಾ, ಎಷ್ಟೊತ್ತಿಗೆ ಮುಟ್ತಿ?"

ಇವರು ಅಳುತ್ತಲೇ ಲ್ಯಾಪ್‌ಟಾಪ್ ತೆಗೆದು ನೋಡಿದರು. ಸ್ಕ್ರೀನ್ ಮೇಲೆ ಡಲ್ಲಾಸ್–ಹೈದರಾಬಾದ್ 22 ಗಂಟೆ ಅಂತ ಇತ್ತು. "ಇಪ್ಪತ್ತೆರಡು ತಾಸು, ಅಣ್ಣಾ" ಅಂದರು. ಅಣ್ಣ ಅದನ್ನೇ ಹಿರಿಯರಿಗೆ ಹೇಳಿದರು. ಹಳ್ಳಿಯಲ್ಲಿ ಸಾಮಾನ್ಯವಾಗಿ ಅದೇ ದಿನ ಮಣ್ಣು ಮಾಡ್ತಾರೆ. ಮಗ ಬರ್ತಾನೆ, ನಾಳೆ ತನಕ ಕಾಯೋಣ ಅಂತ ಹಿರಿಯರು ಒಪ್ಪಿಕೊಂಡರು. ಫ್ರೀಜರ್ ಬಾಕ್ಸ್ ತರಿಸಿದರು. ಮಣ್ಣು ಆಗೋ ತನಕ ಮನೆಯಲ್ಲಿ ಒಲೆ ಹಚ್ಚಲ್ಲ. ವಯಸ್ಸಾದ ತಾಯಿ, ಅತ್ತೆಯರು, ಬೇರೆ ಊರಿಂದ ಬಂದ ಬೀಗರು, ಎಲ್ಲರೂ ಕೂತರು.

ಇಪ್ಪತ್ತೆರಡು ತಾಸು ಆಯಿತು. ಆಗ ಇವರಿನ್ನೂ ದುಬೈಗೂ ಬಂದಿರಲಿಲ್ಲ, ಮೊಬೈಲ್ ವಿಮಾನದಲ್ಲಿ ಬಂದ್ ಆಗಿತ್ತು. ಮನೆಯವರಿಗೆ ಎಲ್ಲಿದ್ದಾನೆ ಅಂತ ಗೊತ್ತಿಲ್ಲ. ಕೊನೆಗೆ ಇವರು ಬಾಗಿಲಿಗೆ ಬಂದಾಗ ಫೋನ್ ಬಂದು ಮೂವತ್ತೈದು ತಾಸು ಕಳೆದಿತ್ತು. ಅಪ್ಪನ ಮುಖ ನೋಡಿದರು. ಆದರೆ ತಾಯಿಯನ್ನ ಹದಿಮೂರು ತಾಸು ಹೆಚ್ಚಿಗೆ ಹಾಗೆ ಕೂರಿಸಿದೆನಲ್ಲ ಅನ್ನೋ ಸಂಕಟ ಅವರಿಗೆ ಇವತ್ತೂ ಇದೆ. ಮೊದಲೇ ಮೂವತ್ತೈದು ಅಂತ ಗೊತ್ತಿದ್ದರೆ ಮನೆಯವರು ಬೇರೆ ತೀರ್ಮಾನ ಮಾಡ್ತಿದ್ದರೋ ಏನೋ. ಕನಿಷ್ಠ, ಗೊತ್ತಿದ್ದು ಮಾಡ್ತಿದ್ದರು.

ಆ ಹದಿಮೂರು ಗಂಟೆ ಎಲ್ಲಿಂದ ಬಂತು ನೋಡಿ. ವೆಬ್‌ಸೈಟ್‌ನ 22 ಗಂಟೆ ಅಂದರೆ ಡಲ್ಲಾಸ್–ದುಬೈ ಹದಿನೈದು, ದುಬೈನಲ್ಲಿ ಮೂರೂವರೆ, ದುಬೈ–ಹೈದರಾಬಾದ್ ಮೂರೂವರೆ. ಅದು ಸರಿಯಾದ ಲೆಕ್ಕವೇ. ಅದರಲ್ಲಿ ಇಲ್ಲದ್ದು ಇಷ್ಟು:

ಫೋನ್ ಬಂದ ಮೇಲೆ ಟಿಕೆಟ್ ಹುಡುಕಿ, ಆಫೀಸಿಗೆ ಹೇಳಿ, ಮಕ್ಕಳನ್ನ ಯಾರಿಗಾದರೂ ಒಪ್ಪಿಸಿ, ಪಾಸ್‌ಪೋರ್ಟ್ ತೆಗೆದು ಹೊರಡೋಕೆ ನಾಲ್ಕು ಗಂಟೆ.
ಏರ್‌ಪೋರ್ಟ್‌ಗೆ ಹೋಗೋಕೆ ಒಂದು, ಅಲ್ಲಿ ಮೂರು. ನಾಲ್ಕು ಗಂಟೆ.
ಶಂಶಾಬಾದ್‌ನಲ್ಲಿ ಇಮಿಗ್ರೇಷನ್, ಲಗೇಜ್, ಗಾಡಿ ಹುಡುಕೋದು ಒಂದೂವರೆ ಗಂಟೆ.
ಶಂಶಾಬಾದಿನಿಂದ ಊರು ಮೂರೂವರೆ ಗಂಟೆ.

ಕೂಡಿಸಿ. ಹದಿಮೂರು. ಆಕಾಶದಲ್ಲಿ ಇರೋದು ಹದಿನೆಂಟೂವರೆ ಗಂಟೆ, ನೆಲದ ಮೇಲೆ ಹದಿನಾರೂವರೆ. ಇದೂ ಅದೃಷ್ಟ ಚೆನ್ನಾಗಿದ್ದರೆ! ಯಾಕೆಂದರೆ ಇಂಥ ದೂರದ ಫ್ಲೈಟ್ ಒಂದೊಂದು ಕಂಪನಿಗೆ ದಿನಕ್ಕೆ ಒಂದೋ ಎರಡೋ. ಫೋನ್ ಬಂದಾಗ ಇವತ್ತಿನ ಫ್ಲೈಟ್ ಆಗಲೇ ಹೊರಟಿದ್ದರೆ ನಾಳೆವರೆಗೆ ಕಾಯಬೇಕು. ಆಗ ಮೂವತ್ತೈದು ಐವತ್ತಾಗುತ್ತೆ.

ಹಾಗಾದರೆ ಏನು ಮಾಡೋಣ?

ಕೆಲವು ಕೆಲಸಗಳನ್ನ ಇವತ್ತೇ, ಯಾರಿಗೂ ಏನೂ ಆಗದೇ ಇರೋವಾಗಲೇ ಮಾಡಿಡಿ.

ಮೊದಲನೆಯದು, ನಿಮ್ಮ ಮನೆಬಾಗಿಲಿನಿಂದ ಊರಿನ ಮನೆಬಾಗಿಲಿಗೆ ಎಷ್ಟು ಗಂಟೆ ಅಂತ ಹೀಗೆ ಕೂಡಿಸಿ ಒಂದು ಅಂಕಿ ಬರೆದಿಡಿ. ಅದನ್ನ ಊರಲ್ಲಿರೋ ಅಣ್ಣನಿಗೋ ಅಕ್ಕನಿಗೋ ಹೇಳಿಡಿ. "ಏನೇ ಆದರೂ ನಾನು ಮುಟ್ಟೋಕೆ ಇಷ್ಟು ಬೇಕು. ಕಾಯೋದೋ ಬೇಡವೋ ನೀವು ನಿರ್ಧಾರ ಮಾಡಿ, ನಿಮ್ಮ ನಿರ್ಧಾರಕ್ಕೆ ನಾನು ಎದುರಾಡಲ್ಲ" ಅಂತ. ಈ ಮಾತು ಆಡೋದು ಕಷ್ಟ. ಅಪಶಕುನ ಅಂತಾರೆ. ಆದರೆ ಆ ಹೊತ್ತಿನಲ್ಲಿ ಆಡೋದಕ್ಕಿಂತ ಈಗ ಆಡೋದು ಸುಲಭ.

ಎರಡನೆಯದು, ಮನೆಯವರಿಗೆ ಗಂಟೆ ಲೆಕ್ಕದಲ್ಲಿ ಹೇಳಬೇಡಿ. ಡಲ್ಲಾಸ್‌ಗೂ ನಮಗೂ ಬೇಸಿಗೆಯಲ್ಲಿ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಆ ಗಲಿಬಿಲಿಯಲ್ಲಿ ಲೆಕ್ಕ ತಪ್ಪುತ್ತೆ. "ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬರ್ತೀನಿ" ಅಂತ ನಮ್ಮ ಹೊತ್ತಿನಲ್ಲಿ ಹೇಳಿ. ಮೇಲೆ ಎರಡು ಗಂಟೆ ಸೇರಿಸಿಯೇ ಹೇಳಿ. ವಿಮಾನದಲ್ಲಿ ಹದಿನೈದು ಗಂಟೆ ಫೋನ್ ಸಿಗಲ್ಲ ಅಂತಲೂ ಹೇಳಿ.

ಮೂರನೆಯದು, ಟಿಕೆಟ್. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಮಾಡಿಸಿ. ಮೊದಲ ಫ್ಲೈಟ್ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಕೂರಿಸೋ ಜವಾಬ್ದಾರಿ ಕಂಪನಿಯದು. ಬೇರೆ ಬೇರೆ ಟಿಕೆಟ್ ಆದರೆ ತಪ್ಪಿದ್ದು ನಿಮ್ಮ ತಲೆ ಮೇಲೆ. ಕೊನೆಯ ನಿಲ್ದಾಣ ದೇಶದ ಹೊರಗಿದ್ದು ಅಲ್ಲಿಂದ ನೇರ ಹೈದರಾಬಾದಿಗೆ ಬರೋದನ್ನ ನೋಡಿ. ದಿಲ್ಲಿ, ಮುಂಬೈ ಮೇಲೆ ಬಂದರೆ ಅಲ್ಲೇ ಇಮಿಗ್ರೇಷನ್, ಅಲ್ಲೇ ಲಗೇಜ್ ತಗೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಎರಡು ಮೂರು ಗಂಟೆ ಅಲ್ಲೇ ಹೋಗುತ್ತೆ.

ನಾಲ್ಕನೆಯದು, ಕಾಗದಪತ್ರ. ಪಾಸ್‌ಪೋರ್ಟ್ ಅವಧಿ ಎಷ್ಟಿದೆ? ಅಲ್ಲಿ ಹುಟ್ಟಿದ ಮಕ್ಕಳಿಗೆ ಓಸಿಐ ಅಥವಾ ವೀಸಾ ಇದೆಯಾ? ಎಚ್-1ಬಿಯಲ್ಲಿ ಇರೋರ ವೀಸಾ ಸ್ಟಾಂಪ್ ಮುಗಿದಿದ್ದರೆ ಊರಿಗೆ ಬರೋದು ಸುಲಭ, ವಾಪಸ್ ಹೋಗೋಕೆ ಮತ್ತೆ ಸ್ಟಾಂಪಿಂಗ್ ಆಗಬೇಕು. ಕೆಲವು ದೇಶಗಳಲ್ಲಿ ಬರೀ ಫ್ಲೈಟ್ ಬದಲಿಸೋಕೂ ಟ್ರಾನ್ಸಿಟ್ ವೀಸಾ ಕೇಳ್ತಾರೆ. ಇದನ್ನೆಲ್ಲ ಕಣ್ಣೀರಿನ ನಡುವೆ ನೋಡೋಕಾಗಲ್ಲ. ಒಂದು ಭಾನುವಾರ ಕೂತು ನೋಡಿಡಿ.

ಐದನೆಯದು, ಅಪ್ಪ ಅಮ್ಮ ನಿಮ್ಮಲ್ಲಿಗೆ ಬರೋವಾಗ ಲೆಕ್ಕ ಬೇರೆ. ನಮಗೆ ಒಂದೂವರೆ ಗಂಟೆಯ ಲೇಓವರ್ ಸಾಕು. ಎಪ್ಪತ್ತು ವರ್ಷದವರಿಗೆ ಅದು ಓಟ. ಅವರಿಗೆ ನಾಲ್ಕು ಗಂಟೆ ಇರೋ ಟಿಕೆಟ್ ತಗೊಳ್ಳಿ, ಬುಕ್ ಮಾಡೋವಾಗಲೇ ವೀಲ್‌ಚೇರ್ ಕೇಳಿ. ನಡೆಯೋಕಾಗಲ್ಲ ಅಂತಲ್ಲ, ಭಾಷೆ ಬರದ ದೊಡ್ಡ ಏರ್‌ಪೋರ್ಟ್‌ನಲ್ಲಿ ಸರಿಯಾದ ಗೇಟಿಗೆ ಕರೆದುಕೊಂಡು ಹೋಗೋರು ಒಬ್ಬರು ಸಿಗ್ತಾರೆ. ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ. ಅವರಿಗೆ ಕಡಿಮೆ ಹೊತ್ತಿನ ಪ್ರಯಾಣಕ್ಕಿಂತ ಆತುರವಿಲ್ಲದ ಪ್ರಯಾಣ ಒಳ್ಳೇದು.

ಕೊನೆಯದಾಗಿ

ಇಷ್ಟೆಲ್ಲ ತಯಾರಿ ಮಾಡಿದರೂ 35 ಗಂಟೆ 30 ಆಗಬಹುದು, ಹತ್ತಾಗಲ್ಲ. 14,400 ಕಿಲೋಮೀಟರ್ ಕಡಿಮೆ ಆಗಲ್ಲ. ನಾಳೆ ನೇರ ಫ್ಲೈಟ್ ಬಂದರೂ ನಾಲ್ಕೈದು ಗಂಟೆ ಉಳಿಯುತ್ತೆ, ಅಷ್ಟೇ. ಕೊನೆ ಗಳಿಗೆಯಲ್ಲಿ ಓಡಿ ಗೆಲ್ಲೋ ದೂರ ಇದಲ್ಲ. ಅದಕ್ಕೇ ನಾನು ಹೇಳೋದು, ಆಸ್ಪತ್ರೆಗೆ ಸೇರಿಸಿದ್ದೀವಿ ಅಂದಾಗಲೇ ಬನ್ನಿ, ಮಣ್ಣಿಗೆ ಅಂತ ಕಾಯಬೇಡಿ. "ಈಗ ಬರೋದು ಬೇಡ, ಆರಾಮ ಇದ್ದಾರೆ" ಅಂತ ಊರಿನವರು ಹೇಳೇ ಹೇಳ್ತಾರೆ, ನಿಮ್ಮ ಖರ್ಚು, ನಿಮ್ಮ ಕೆಲಸ ನೋಡಿ ಹೇಳ್ತಾರೆ. ನೀವೇ ಡಾಕ್ಟರ ಹತ್ತಿರ ಫೋನಲ್ಲಿ ಮಾತಾಡಿ ತೀರ್ಮಾನ ಮಾಡಿ. ಮಾತಾಡೋ ಸ್ಥಿತಿಯಲ್ಲಿರೋ ಅಪ್ಪನ ಜೊತೆ ನಾಲ್ಕು ದಿನ ಇದ್ದು ವಾಪಸ್ ಹೋದರೆ, ಆಮೇಲೆ ಕೊನೆಗೆ ಮುಟ್ಟೋಕೆ ಆಗದಿದ್ದರೂ ಮನಸ್ಸಿಗೆ ಒಂದು ಆಧಾರ ಇರುತ್ತೆ. ವರ್ಷಕ್ಕೊಮ್ಮೆ ಮೂರು ವಾರ ಬರೋರು, ಅದರಲ್ಲಿ ಎರಡು ವಾರ ಬೆಂಗಳೂರು, ಗೋವಾ ಅಂತ ಹೋಗೋರು, ಊರಿಗೆ ಎಷ್ಟು ದಿನ ಅಂತ ಒಮ್ಮೆ ಎಣಿಸಿ ನೋಡಿ.

ಇನ್ನು ಹೈದರಾಬಾದಿನಲ್ಲಿ ಇರೋ ನಮಗೂ ಒಂದು ಕೆಲಸ ಇದೆ. ಊರು ನಮಗೆ ಮೂರು ನಾಲ್ಕು ಗಂಟೆ ದಾರಿ. ಹೊರದೇಶದಿಂದ ಇಂಥ ಸುದ್ದಿ ಹೊತ್ತು ಬರೋ ಗೆಳೆಯ ರಾತ್ರಿ ಎರಡು ಗಂಟೆಗೆ ಶಂಶಾಬಾದ್‌ನಲ್ಲಿ ಇಳಿದಾಗ, ಆ ಹೊತ್ತಿನಲ್ಲಿ ಗಾಡಿ ಹುಡುಕಿಕೊಂಡು ನಿಲ್ಲೋ ಹಾಗಾಗಬಾರದು. ನಿಮ್ಮ ಅಪಾರ್ಟ್‌ಮೆಂಟಿನ, ನಿಮ್ಮ ಆಫೀಸಿನ ಕನ್ನಡದವರ ಗುಂಪಿನಲ್ಲಿ ಬೀದರ್, ಕಲಬುರಗಿ, ರಾಯಚೂರು ದಾರಿ ಗೊತ್ತಿರೋ ಇಬ್ಬರು ಡ್ರೈವರ್‌ಗಳ ನಂಬರ್ ಇಟ್ಟುಕೊಳ್ಳಿ. ಆದರೆ ನೀವೇ ಹೋಗಿ. ಜೊತೆಗೊಬ್ಬರು ಇದ್ದರೆ ಆ ಮೂರೂವರೆ ಗಂಟೆ ಅವರಿಗೆ ಸ್ವಲ್ಪ ಹಗುರಾಗುತ್ತೆ. ಹೋಗೋಕಾಗದಿದ್ದರೆ, ಆ ಹಳ್ಳಿಯ ಮನೆಗೆ ಫೋನ್ ಮಾಡಿ "ಇಳಿದಿದ್ದಾರೆ, ಹೊರಟಿದ್ದಾರೆ, ಇಷ್ಟೊತ್ತಿಗೆ ಮುಟ್ತಾರೆ" ಅಂತ ಸರಿಯಾದ ಟೈಮ್ ಹೇಳಿ. ಅಲ್ಲಿ ಕಾಯ್ತಾ ಕೂತವರಿಗೆ ಅದೂ ದೊಡ್ಡ ಸಹಾಯವೇ.

ನಿಮ್ಮ ಮನೆಯಿಂದ ಊರಿನ ಮನೆಗೆ ಎಷ್ಟು ಗಂಟೆ? ಇವತ್ತು ಲೆಕ್ಕ ಹಾಕಿ ಕೆಳಗೆ ಕಾಮೆಂಟ್‌ನಲ್ಲಿ ಬರೆಯಿರಿ: ಯಾವ ಊರಿಂದ ಯಾವ ಊರಿಗೆ, ಆಕಾಶದಲ್ಲಿ ಎಷ್ಟು, ನೆಲದ ಮೇಲೆ ಎಷ್ಟು. ಬೇರೆಯವರಿಗೂ ಉಪಯೋಗವಾಗುತ್ತೆ. ಅದಕ್ಕಿಂತ ಮೊದಲು ಊರಿಗೆ ಒಂದು ಫೋನ್ ಮಾಡಿ.